ದೀಪದ ಎಣ್ಣೆ ಕುಡಿದ ಕಾರು

ಗೈದರ್ಸ್‌ಬರ್ಗ್

ಅಡುಗೆಮನೆಯ ಮೇಜಿನ ಮುಂದೆ ಹೂಬತ್ತಿ ಹೊಸೆಯುತ್ತಾ ಕೂತಿದ್ದೆ. ಊರಿಂದ ತಂದ ಹತ್ತಿ ಮುಗಿದಿತ್ತು. ಇಲ್ಲಿ ಸಿಗುವುದು ಔಷಧಿ ಅಂಗಡಿಯ ಹತ್ತಿ, ಗಾಯ ಒರೆಸುವಂಥದ್ದು; ಎಷ್ಟು ಹೊಸೆದರೂ ಬತ್ತಿ ನೆಟ್ಟಗೆ ನಿಲ್ಲುವುದಿಲ್ಲ. ಅದರ ಜೊತೆ ಗುದ್ದಾಡುತ್ತಿದ್ದಾಗ ಮೈದುನನ ಮಗಳು ಅದಿತಿ ಸ್ಕೂಲಿನಿಂದ ಬಂದವಳೇ ಫ್ರಿಜ್ ಬಾಗಿಲು ತೆರೆದು ನಿಂತು ಹೇಳಿದಳು:

"ದೊಡ್ಡಮ್ಮ, ಗೆಸ್ ವಾಟ್? ನೀವೂ ರೇಸ್‌ಗೆ ಬರ್ತೀರ. ಬ್ಯಾಕ್ ಸೀಟ್. ಡ್ಯಾಡ್ ಸೆಡ್ ಸೋ."

"ಯಾವ ರೇಸೇ?"

"ಅಟ್ಲಾಂಟಾ ರೇಸ್."

ಅಟ್ಲಾಂಟಾಕ್ಕೆ ಹೋಗುವುದು ನನಗೆ ಗೊತ್ತಿತ್ತು. "ಅಲ್ಲಿ ದೊಡ್ಡ ದೇವಸ್ಥಾನ ಇದೆ ಅತ್ತಿಗೆ, ದರ್ಶನ ಮಾಡಿಸ್ಕೊಂಡು ಬರ್ತೀನಿ" ಎಂದು ಮೈದುನ ನಾಗೇಶ ಒಂದು ತಿಂಗಳಿಂದ ಹೇಳುತ್ತಿದ್ದ. ರೇಸಿನ ಸುದ್ದಿಯನ್ನು ಮಾತ್ರ ಎತ್ತಿರಲಿಲ್ಲ. ಕೈಯಲ್ಲಿದ್ದ ಬತ್ತಿ ಹಿಂಜಿಹೋಯಿತು.

ಮೊದಲೇ ಹೇಳಿಬಿಡುತ್ತೇನೆ, ಇದು ಕೋಪದಲ್ಲಿ ಬರೆದ ಪ್ರವಾಸಕಥೆ. ದೊಡ್ಡ ಸೇತುವೆ, ಬಿಳಿ ಕಟ್ಟಡ, ಫಳಫಳ ಅಂಗಡಿಗಳ ವರ್ಣನೆ ಬೇಕಾದವರಿಗೆ ಬೇರೆಯವರು ಬರೆದದ್ದು ಬೇಕಾದಷ್ಟಿದೆ.

ಕೊರೊನಾ ಎಲ್ಲ ತಣ್ಣಗಾದ ಮೇಲೆ "ಬಾ ಅಣ್ಣ, ಅತ್ತಿಗೇನೂ ಕರ್ಕೊಂಡು ಬಾ, ಮೂರು ತಿಂಗಳು ಆರಾಮಾಗಿ ಇದ್ದು ಅಮೆರಿಕ ನೋಡ್ಕೊಂಡು ಹೋಗಿ" ಎಂದು ನಾಗೇಶ ಟಿಕೆಟ್ ಕಳಿಸಿದಾಗ ನಾನು ಮನೆದೇವರು ನಂಜುಂಡಪ್ಪನಿಗೆ ತುಪ್ಪದ ದೀಪ ಹಚ್ಚಿದ್ದೆ. ನಾಗೇಶ ಇಲ್ಲಿ ಔಷಧಿಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾನೆ, ಬುದ್ಧಿವಂತ. ನಾವು ಬಂದ ಮರುದಿನವೇ ಗ್ಯಾರೇಜಿನ ಬಾಗಿಲು ಎತ್ತಿದ. ಒಳಗೆ ತಿಳಿಹಸಿರು ಬಣ್ಣದ, ಎಪ್ಪತ್ತು ವರ್ಷ ಹಳೆಯ ಪುಟ್ಟ ಇಟಲಿ ಕಾರು. ಅದೇ ಜಾತಿಯ ಕಾರುಗಳು ನಮ್ಮ ಕಡೆ ಟ್ಯಾಕ್ಸಿಗಳಾಗಿ ಓಡಿ ಓಡಿ ಗುಜರಿಗೆ ಸೇರಿದವು. ನಮ್ಮ ಯಜಮಾನರು ಮೈಸೂರಿನಲ್ಲಿ ನಲವತ್ತು ವರ್ಷ ಅವುಗಳನ್ನೇ ಬಿಚ್ಚಿ ಕಟ್ಟಿದವರು. ಇಲ್ಲಿ ಅದನ್ನು ಮುಟ್ಟಬಲ್ಲವರು ಯಾರೂ ಸಿಕ್ಕಿರಲಿಲ್ಲವಂತೆ. ನಮ್ಮನ್ನು ಕರೆಸಿದ್ದು ಯಾಕೆಂದು ನನಗೆ ಅಲ್ಲೇ ನಿಂತಲ್ಲೇ ತಿಳಿಯಿತು. ಇವರಿಗೆ ತಿಳಿಯಲಿಲ್ಲ, ಅಥವಾ ತಿಳಿದೂ ಸುಮ್ಮನಿದ್ದರು. ಕಾರು ನೋಡಿದ ಖುಷಿಯಲ್ಲಿ ಕಾಫಿ ಆರಿಹೋಯಿತು.

ಆರು ವಾರ ಇವರು ನೋಡಿದ ಅಮೆರಿಕ ಎಂದರೆ ಆ ಕಾರಿನ ಹೊಟ್ಟೆ. ಅರವತ್ತನಾಲ್ಕು ವಯಸ್ಸು, ಸೊಂಟ ನೋವು. ತಣ್ಣನೆಯ ಸಿಮೆಂಟಿನ ಮೇಲೆ ರಟ್ಟು ಹಾಸಿಕೊಂಡು ಮಲಗುವುದು. ದೇವರ ದಯೆ, ಕಾರು ಇವರ ಮೇಲೆ ಬೀಳಲಿಲ್ಲ.

ರೇಸು ಎಂದು ಗೊತ್ತಾದ ಸಂಜೆ ನಾಗೇಶನನ್ನು ಕೇಳಿದೆ.

"ರೇಸ್ ಅಂದ್ರೆ ರೇಸ್ ಅಲ್ಲ ಅತ್ತಿಗೆ. ಹಳೇ ಕಾರುಗಳ ಕ್ಲಬ್ಬಿಂದು. ಜೋರಾಗಿ ಓಡ್ಸೋ ಹಾಗೇ ಇಲ್ಲ. ಹೇಳಿದ ಟೈಮಿಗೆ ಹೇಳಿದ ಜಾಗ ಮುಟ್ಟಬೇಕು, ಅಷ್ಟೇ. ಮೂರು ದಿನ. ಅಣ್ಣ ಪಕ್ಕದಲ್ಲಿ ಕೂತು ದಾರಿ ಹೇಳ್ತಾನೆ, ನೀವು ಹಿಂದೆ ಕೂತು ಸೀನರಿ ನೋಡಿ."

"ದೇವಸ್ಥಾನ?"

"ಅದೇ ಅಲ್ವಾ, ಅಟ್ಲಾಂಟಾದಲ್ಲೇ ಮುಗಿಯೋದು!"

ಹೀಗೆ ನನ್ನ ದೇವರನ್ನು ತನ್ನ ಕಾರಿನ ಹಿಂದೆ ಕಟ್ಟಿಕೊಂಡ. ನಾನು ದಾರಿಯ ಪೂಜೆಗೆ ಚೀಲ ಸಿದ್ಧ ಮಾಡಿದೆ. ಎಳ್ಳೆಣ್ಣೆ ಇದ್ದದ್ದು ದೊಡ್ಡ ಡಬ್ಬದಲ್ಲಿ. ಅದರಿಂದ ಒಂದಿಷ್ಟನ್ನು ಬಗ್ಗಿಸಿಕೊಳ್ಳಲು ಸೋರದ ಬಾಟಲಿ ಬೇಕಿತ್ತು. ಈ ಮನೆಯಲ್ಲಿ ಬಾಟಲಿ ಖಾಲಿಯಾದ ಮರುಕ್ಷಣ ನೀಲಿ ಕಸದ ತೊಟ್ಟಿಗೆ ಹೋಗುತ್ತದೆ, ವಾರಗಿತ್ತಿ ಸುಮಾ ಒಂದನ್ನೂ ಉಳಿಸುವುದಿಲ್ಲ. ಕೊನೆಗೆ ಗ್ಯಾರೇಜಿನಲ್ಲಿ ಇವರು ಖಾಲಿ ಮಾಡಿಟ್ಟಿದ್ದ ಬ್ರೇಕ್ ಆಯಿಲ್ ಬಾಟಲಿ ಕಣ್ಣಿಗೆ ಬಿತ್ತು. ಮುಚ್ಚಳ ಭದ್ರವಾಗಿತ್ತು. ಸೋಪು ಹಾಕಿ ನಾಲ್ಕು ಸಲ ತೊಳೆದು, ಬಿಸಿಲಿಗೆ ಇಟ್ಟು ಒಣಗಿಸಿ, ಎಳ್ಳೆಣ್ಣೆ ತುಂಬಿದೆ. ದೀಪಕ್ಕೆ ತಾನೇ, ಬಾಯಿಗಲ್ಲವಲ್ಲ. ಮೇಲಿನ ಚೀಟಿ ಕೀಳಲಿಲ್ಲ. ಒಳ್ಳೆಯ ಬಾಟಲಿಯನ್ನು ಎಸೆದು ನನಗೆ ಅಭ್ಯಾಸವಿಲ್ಲ. ನನ್ನ ಮೈಸೂರಿನ ಅಡುಗೆಮನೆಯಲ್ಲಿ ಯಾವ ಡಬ್ಬಿಯ ಮೇಲೂ ಒಳಗಿರುವುದರ ಹೆಸರಿಲ್ಲ.

ಎಲಿಕಾಟ್ ಸಿಟಿ

ಹೊರಡುವ ಜಾಗ ಎಲಿಕಾಟ್ ಸಿಟಿಯ ಹಳೆಯ ಪೇಟೆ. ಇಳಿಜಾರಿನ ಬೀದಿ, ಎರಡೂ ಕಡೆ ಕಲ್ಲಿನ ಕಟ್ಟಡಗಳು. ಅಲ್ಲೊಂದು ಸಭಾಂಗಣದಲ್ಲಿ ಬೆಳಗಿನ ತಿಂಡಿ ಕೊಟ್ಟು ಗೋಡೆಯ ಮೇಲೆ ಹಳೆಯ ಫೋಟೋಗಳನ್ನು ತೋರಿಸಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಟಲಿಯಲ್ಲಿ ಸಾವಿರ ಮೈಲಿಯ ಕಾರಿನ ಪಂದ್ಯ ನಡೆಯುತ್ತಿತ್ತಂತೆ. ಅದಕ್ಕೆಂದು ಬೇರೆ ಮೈದಾನವಿಲ್ಲ. ಜನ ಸಂತೆಗೆ ಹೋಗುವ, ಹಸು ಹೊಡೆದುಕೊಂಡು ಹೋಗುವ ಮಾಮೂಲಿ ರಸ್ತೆಗಳ ಮೇಲೆಯೇ. ಪುಟ್ಟ ಕಾರುಗಳನ್ನು ಮೊದಲು ಬಿಡುವುದು, ದೊಡ್ಡವನ್ನು ಆಮೇಲೆ. ಬಾಗಿಲ ಮೇಲೆ ಬರೆದ ನಂಬರೇ ಅದು ಹೊರಟ ಹೊತ್ತು. ನಮ್ಮ ಹಸಿರು ಕಾರಿನ ಅಕ್ಕ-ತಂಗಿಯರೂ ಫೋಟೋದಲ್ಲಿದ್ದವು.

ನನ್ನ ಕಣ್ಣು ಕಾರಿನ ಮೇಲೆ ನಿಲ್ಲಲಿಲ್ಲ. ರಸ್ತೆಯ ಅಂಚಿನಲ್ಲಿ ಜನ ಗೋಡೆಯ ಹಾಗೆ ನಿಂತಿದ್ದರು. ಏಪ್ರನ್ ಕಟ್ಟಿದ ಹೆಂಗಸು, ಕುರ್ಚಿ ಹಾಕಿಕೊಂಡ ಅಜ್ಜಿ, ಅವರ ಮುಂದೆ ಮಕ್ಕಳು. ಕೈ ಚಾಚಿದರೆ ಕಾರಿಗೆ ತಗಲುತ್ತದೆ.

"ಇಷ್ಟು ಹತ್ರ ನಿಂತಿದಾರಲ್ಲೋ?"

"ಹೌದು ಅತ್ತಿಗೆ, ಹುಚ್ಚು ಜನ. ಕೊನೇ ವರ್ಷ ಒಂದು ಕಾರು ಟೈರ್ ಒಡೆದು ಗುಂಪಿನ ಮೇಲೆ ಹೋಯ್ತು. ಮಕ್ಕಳೂ ಹೋದ್ರು. ಆಮೇಲೆ ಗವರ್ನಮೆಂಟ್ ನಿಲ್ಸಿಬಿಡ್ತು. ಅಲ್ನೋಡಿ, ಆ ಕೆಂಪು ಕಾರಿನ ಇಂಜಿನ್ ಸೌಂಡ್ ಏನ್ ಗೊತ್ತಾ..."

ಮಕ್ಕಳೂ ಹೋದ್ರು ಎಂದವನು ಉಸಿರು ತೆಗೆದುಕೊಳ್ಳದೆ ಇಂಜಿನ್ನಿಗೆ ಹೋದ. ತಟ್ಟೆಯಲ್ಲಿದ್ದ ಬ್ರೆಡ್ಡನ್ನು ಹಾಗೇ ಬಿಟ್ಟೆ. ಆ ಏಪ್ರನ್ ಕಟ್ಟಿದ ಹೆಂಗಸು ಒಲೆಯ ಮೇಲೆ ಏನಾದರೂ ಇಟ್ಟು ಬಂದಿದ್ದಳೋ ಏನೋ.

ಹೊರಗೆ ಬಂದು ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಬಾನೆಟ್ಟಿಗೆ ಕುಂಕುಮ ಹಚ್ಚಿದೆ. ಕ್ಲಬ್ಬಿನವರೆಲ್ಲ ಸುತ್ತ ಸೇರಿ ಫೋಟೋ ತೆಗೆದರು. ಬಿಳಿ ಮೀಸೆಯ ಒಬ್ಬರು ತಮ್ಮ ಕಾರಿಗೂ ಇಡುತ್ತೀರಾ ಎಂದು ವಿನಯವಾಗಿ ಕೇಳಿದರು. ನನ್ನ ಹತ್ತಿರ ಇದ್ದದ್ದು ನಾಲ್ಕೇ. ನಮ್ಮದನ್ನು ಒಂದಿಷ್ಟು ಮುಂದಕ್ಕೆ ತೆಗೆದ ಮೇಲೆ ಜಜ್ಜಿಹೋಗದೆ ಉಳಿದ ಒಂದನ್ನು ಅವರ ಮುಂದಿನ ಚಕ್ರಕ್ಕೆ ಇಟ್ಟೆ. ಅವರೇ ಕಾರುಗಳ ತಪಾಸಣೆಯ ಯಜಮಾನರಂತೆ. ಕೈಯಲ್ಲಿ ರಟ್ಟು, ಅದರ ಮೇಲೆ ಕಾಗದ. ಇಂಜಿನ್ನಿನ ಕೆಲಸ ಯಾರದ್ದೆಂದು ಅವರು ಮೆಚ್ಚುಗೆಯಿಂದ ಕೇಳಿದಾಗ ನಾಗೇಶ ಇವರ ಭುಜ ತಟ್ಟಿ ಹೇಳಿದ:

"ಮೈ ಮೆಕ್ಯಾನಿಕ್. ಫ್ರಮ್ ಇಂಡಿಯಾ."

ನನಗೆ ಅಷ್ಟು ಇಂಗ್ಲಿಷ್ ಬರುತ್ತದೆ. ತಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ದಸರಾ ಆನೆ ತೋರಿಸಿದ ಅಣ್ಣ ಮೆಕ್ಯಾನಿಕ್ ಆದರು. ಇವರು ನಗುತ್ತಾ ತಲೆಯಾಡಿಸಿದರು. ನಾನು ಹಿಂದಿನ ಸೀಟಿಗೆ ಹೋಗಿ ಬಾಗಿಲು ಜೋರಾಗಿ ಹಾಕಿದೆ. ಹಿಡಿ ಕೈಗೆ ಬಂತು. ಅದನ್ನೂ ಇವರೇ ಸರಿಮಾಡಿದರು.

ನಾರ್ತ್ ಕ್ಯಾರೊಲಿನಾ, ಒಂದು ಮೋಟೆಲ್

ಮೊದಲ ದಿನ ವರ್ಜೀನಿಯಾದಲ್ಲಿ ಕಳೆಯಿತು. ದಾರಿಗೆ ಒಂದು ಪುಸ್ತಕ ಕೊಟ್ಟಿದ್ದರು, ಬರೀ ಬಾಣದ ಚಿತ್ರಗಳು. ಫೋನಿನ ಮ್ಯಾಪ್ ನೋಡುವಂತಿಲ್ಲ. ಇವರು ಬೆರಳಿಟ್ಟುಕೊಂಡು "ಎಡಕ್ಕೆ, ಚರ್ಚ್ ಆದ್ಮೇಲೆ ಬಲಕ್ಕೆ" ಎಂದು ಚೆನ್ನಾಗಿಯೇ ಹೇಳಿದರು. ಸುಮಾ, ಅದಿತಿ ಸಾಮಾನಿನ ಜೊತೆ ದೊಡ್ಡ ವ್ಯಾನಿನಲ್ಲಿ ಹಿಂದೆ ಬರುತ್ತಿದ್ದರು. ನನಗೆ ಅದರಲ್ಲಿ ಕೂರುವ ಆಸೆ. ಇವರನ್ನು ಬಿಟ್ಟು ಹೇಗೆ ಕೂರಲಿ?

ಇಲ್ಲಿಯ ಹಳ್ಳಿಯ ಜನ ಒಂದು ಒಳ್ಳೆಯ ಕೆಲಸ ಮಾಡುತ್ತಾರೆ. ಎದುರಿಗೆ ಬಂದವನು ಗುರುತಿರಲಿ ಬಿಡಲಿ, ಸ್ಟಿಯರಿಂಗಿನ ಮೇಲಿಂದಲೇ ಎರಡು ಬೆರಳು ಎತ್ತಿ ನಮಸ್ಕಾರದ ಹಾಗೆ ಮಾಡುತ್ತಾರೆ. ಮೊದಲು ಬೈಯುತ್ತಿದ್ದಾರೆ ಎಂದುಕೊಂಡಿದ್ದೆ. ಆಮೇಲೆ ನಾನೂ ಹಿಂದಿನ ಸೀಟಿನಿಂದ ಕೈ ಮುಗಿಯತೊಡಗಿದೆ.

ಎರಡನೆಯ ದಿನ ಮಧ್ಯಾಹ್ನ ನಾರ್ತ್ ಕ್ಯಾರೊಲಿನಾದ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆವು. ನಾನು, ಇವರು ಕೈಕಾಲು ತೊಳೆಯಲು ಒಳಗೆ ಹೋದೆವು. ವಾಪಸು ಬಂದಾಗ ನಾಗೇಶ ಹಾರ್ನ್ ಬಾರಿಸುತ್ತಿದ್ದ, ಎರಡು ನಿಮಿಷ ತಡವಾಯಿತಂತೆ. ನನ್ನ ಚೀಲದ ಜಿಪ್ ತೆರೆದಿತ್ತು. ಚಕ್ಕುಲಿ ತೆಗೆದುಕೊಂಡಿರಬೇಕು ಎಂದುಕೊಂಡು ಮುಚ್ಚಿದೆ.

ಮರುದಿನ ಬೆಳಗ್ಗೆ ಮೋಟೆಲ್ ಕೋಣೆಯಲ್ಲಿ ಸ್ನಾನ ಮಾಡಿ ದೀಪ ಹಚ್ಚುವಾಗ ನೋಡುತ್ತೇನೆ, ಎಣ್ಣೆ ಅರ್ಧಕ್ಕಿಂತ ಕಡಿಮೆ. ಚೀಲ ಒಣಗಿಯೇ ಇದೆ, ಸೋರಿಲ್ಲ. ಇವರು ಸೊಂಟಕ್ಕೆ ತಿಕ್ಕಿಕೊಂಡಿರಬೇಕು, ಹೇಳಿದ್ದರೆ ನಾನೇ ತಿಕ್ಕುತ್ತಿದ್ದೆ ಎಂದು ಮನಸ್ಸಿನಲ್ಲೇ ಗೊಣಗಿಕೊಂಡು ಕರ್ಪೂರ ಬೆಳಗಿದೆ. ಅಷ್ಟರಲ್ಲಿ ತಲೆಯ ಮೇಲಿನ ಹೊಗೆಗಂಟೆ ಬಾಯಿಬಡಿದುಕೊಂಡಿತು. ಇವರು ಹಾಸಿಗೆಯ ಮೇಲೆ ಹತ್ತಿ ಟವೆಲಿನಿಂದ ಬೀಸಿದರು. ಬಾಗಿಲು ಬಡಿದು ಬಂದ ಕಪ್ಪು ಹೆಂಗಸು, ಮೋಟೆಲಿನವಳು, ದೀಪ ನೋಡಿದಳು, ದೇವರ ಫೋಟೋ ನೋಡಿದಳು, ನನ್ನ ಒದ್ದೆ ತಲೆ ನೋಡಿದಳು. ಕಿಟಕಿ ತೆಗೆದಳು. ಬೈಯಲಿಲ್ಲ. ಕರ್ಪೂರ ಆರುವ ತನಕ ಕೈಕಟ್ಟಿ ನಿಂತು, "ಐ ಪ್ರೇ ಮಾರ್ನಿಂಗ್ಸ್ ಟೂ" ಎಂದು ಹೊರಟಳು. ಹೊರಟ ಮೇಲೆ ಅಲ್ಲಿಯ ತನಕ ನನ್ನನ್ನು ಯಾರಾದರೂ ಮನುಷ್ಯಳ ಹಾಗೆ ಕಂಡದ್ದು ಆ ತಾಯಿ ಒಬ್ಬಳೇ.

ಸೌತ್ ಕ್ಯಾರೊಲಿನಾ, ಚರ್ಚಿನ ಇಳಿಜಾರು

ಅಂದು ಹೊರಟು ಒಂದು ಗಂಟೆಯಾಗಿರಬಹುದು, ಸುಟ್ಟ ವಾಸನೆ. ಇವರು ಮೂಗು ಅರಳಿಸಿದರು.

"ನಾಗೇಶ, ಸೈಡಿಗೆ ಹಾಕು. ಬ್ರೇಕ್ ಹಿಡ್ಕೊಳ್ತಾ ಇದೆ. ಚಕ್ರದ ಡ್ರಮ್ಮು ಕಾದಿದೆ."

"ಮುಂದಿನ ಚೆಕ್‌ಪಾಯಿಂಟ್ ನಾಲ್ಕೇ ಮೈಲಿ ಅಣ್ಣ."

"ನಾಲ್ಕು ಮೈಲಿ ಬೇಡ. ಈಗ ಹಾಕು."

"ಅಣ್ಣ, ಒಂದು ನಿಮಿಷ ಲೇಟಾದ್ರೂ ಪಾಯಿಂಟ್ ಹೋಗತ್ತೆ! ಈಗ ಐದನೇ ಪ್ಲೇಸಲ್ಲಿದೀವಿ, ಗೊತ್ತಾ?"

ಇವರು ಸುಮ್ಮನಾದರು. ಈ ಸುಮ್ಮನಾಗುವುದನ್ನು ಕಂಡರೆ ನನಗೆ ಮೂವತ್ತೆಂಟು ವರ್ಷದಿಂದ ಮೈ ಉರಿಯುತ್ತದೆ. "ನಿಲ್ಸೋ ನಾಗೇಶ, ಅಣ್ಣ ಹೇಳ್ತಿರೋದು ಕೇಳಿಸ್ತಾ ಇಲ್ವಾ?" ಎಂದು ನಾನೇ ಕೂಗಿದೆ. ಅಷ್ಟರಲ್ಲಿ ರಸ್ತೆ ಕೆಳಮುಖವಾಗಿ ತಿರುಗಿತು. ಕೆಳಗೆ ಪುಟ್ಟ ಊರು, ಬಿಳಿ ಚರ್ಚು. ಚರ್ಚಿನ ಮುಂದೆ ಹುಲ್ಲಿನ ಮೇಲೆ ಹೆಂಗಸರು ಮೇಜು ಹಾಕಿ ಕೇಕು, ಪಾನಕ ಇಟ್ಟಿದ್ದರು, ಬರುವ ಕಾರಿನವರಿಗೆಲ್ಲ ಕೊಡಲು. ರಸ್ತೆಯ ಆಚೆ ಅಂಚಿನಲ್ಲಿ ಮಕ್ಕಳು ಕಾಲು ಚಾಚಿ ಸಾಲಾಗಿ ಕೂತಿದ್ದರು, ಕೈಯಲ್ಲಿ ಕಾಗದದ ಬಾವುಟ.

ನಾಗೇಶ ಪೆಡಲ್ ಒತ್ತಿದ. ಅದು ನೆಲಕ್ಕೆ ತಾಗಿತು. ಮತ್ತೆ ಒತ್ತಿದ. "ಅಣ್ಣ" ಎಂದ. ಚಿಕ್ಕಂದಿನಲ್ಲಿ ಬಿದ್ದಾಗ ಹೀಗೇ ಕರೆದಿರಬೇಕು.

ಇವರು ಸ್ಟಿಯರಿಂಗ್ ಪಕ್ಕದ ಗೇರನ್ನು ಎಳೆದು ಕೆಳಗಿಳಿಸಿದರು, ಇಂಜಿನ್ ಅರಚಿತು. ಒಂದು ಕೈಯಲ್ಲಿ ಹ್ಯಾಂಡ್‌ಬ್ರೇಕ್ ಜಗ್ಗಿ, ಇನ್ನೊಂದರಲ್ಲಿ ಸ್ಟಿಯರಿಂಗ್ ಹಿಡಿದು ಮಕ್ಕಳಿಲ್ಲದ ಕಡೆಗೆ, ಚರ್ಚಿನ ಹುಲ್ಲಿನ ಮೇಲಕ್ಕೆ ತಿರುಗಿಸಿದರು. ನಾನು ಕಣ್ಣು ಮುಚ್ಚಲಿಲ್ಲ. ಹೆಂಗಸರು ಚದುರಿದ್ದನ್ನು, ಮೇಜು ಹಾರಿದ್ದನ್ನು, ಒಂದು ಇಡೀ ಕೇಕು ಬಂದು ಗಾಜಿಗೆ ಅಂಟಿದ್ದನ್ನು ಕಂಡೆ. ಕಾರು ಬೇಲಿಯ ಗಿಡದೊಳಗೆ ಮೂಗು ತೂರಿಸಿ ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ಆಚೆ ಬದಿಯ ಮಕ್ಕಳನ್ನು ಒಂದೊಂದಾಗಿ ಎಣಿಸಿದೆ. ಹನ್ನೊಂದು. ಎಲ್ಲರೂ ನಿಂತಿದ್ದರು. ಮತ್ತೊಮ್ಮೆ ಎಣಿಸಿದೆ. ಆ ಹೊತ್ತಿಗೆ ನಂಜುಂಡಪ್ಪನ ಹೆಸರು ಕೂಡ ನನ್ನ ಬಾಯಿಗೆ ಬರಲಿಲ್ಲ, ಬರೀ ಹನ್ನೊಂದು, ಹನ್ನೊಂದು ಎನ್ನುತ್ತಿದ್ದೆನಂತೆ.

ತಲೆ ನರೆತ ಒಬ್ಬ ಹೆಂಗಸು ನನ್ನನ್ನು ಕೈಹಿಡಿದು ಇಳಿಸಿದಳು. ನಾವು ಅವಳ ಕೇಕು ಹಾಳು ಮಾಡಿದ್ದೆವು. ಅವಳು ಉಳಿದ ಒಂದು ಚೂರನ್ನು ಕಾಗದದ ತಟ್ಟೆಯಲ್ಲಿಟ್ಟು ನನ್ನ ಕೈಗೇ ಕೊಟ್ಟಳು. ಮೊಟ್ಟೆ ಇರುತ್ತದೆ, ತಿನ್ನುವಂತಿಲ್ಲ. ಕಣ್ಣಿಗೆ ಒತ್ತಿಕೊಂಡು ಹಿಡಿದುಕೊಂಡೆ.

ಹಿಂದೆಯೇ ತಪಾಸಣೆಯ ಬಿಳಿ ಮೀಸೆಯವರು ಬಂದರು. ಮುಖದಲ್ಲಿ ನಗುವಿರಲಿಲ್ಲ. ಮಕ್ಕಳ ತಂದೆತಾಯಂದಿರೂ ಸುತ್ತ ನಿಂತಿದ್ದರು. ಬ್ರೇಕಿನ ಕೆಲಸ ಮಾಡಿದ್ದು ಯಾರು ಎಂದು ಅವರು ಕೇಳಿದರು.

"ಮೈ ಮೆಕ್ಯಾನಿಕ್" ಎಂದ ನಾಗೇಶ. ಇವರ ಕಡೆ ನೋಡಲಿಲ್ಲ, ಬೆರಳು ಮಾತ್ರ ತೋರಿಸಿದ.

ಇವರು ಚಕ್ರದ ಪಕ್ಕದಲ್ಲಿ ಮಂಡಿಯೂರಿ ಕೂತಿದ್ದರು. ನಾನು ಹತ್ತಿರ ಹೋದೆ. ತಮ್ಮ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದರು.

"ಇವತ್ತು ಬೆಳಗ್ಗೇನೂ ಒತ್ತಿ ನೋಡಿದ್ದೆ ಕಣೆ. ಗಟ್ಟಿಯಾಗೇ ಇತ್ತು. ನಲವತ್ತು ವರ್ಷದಲ್ಲಿ ನನ್ನ ಕೈಯಿಂದ ಹೋದ ಒಂದು ಗಾಡಿ ಬ್ರೇಕ್ ತಪ್ಪಿಲ್ಲ. ಏನೋ ಮರ್ತೆ. ವಯಸ್ಸಾಯ್ತು. ಇನ್ನು ನಾನು ಗಾಡಿ ಮುಟ್ಟಬಾರದು. ಆ ಮಕ್ಕಳು..."

ಇವರ ಅಪ್ಪ ತೀರಿಹೋದಾಗಲೂ ನಾನು ಇವರನ್ನು ಹೀಗೆ ಕಂಡಿರಲಿಲ್ಲ. ಬಾನೆಟ್ ತೆಗೆದರು, ಬ್ರೇಕ್ ಆಯಿಲ್ ಡಬ್ಬಿಗೆ ಬೆರಳು ಅದ್ದಿದರು, ಬೆರಳುಗಳನ್ನು ಉಜ್ಜಿ ನೋಡಿದರು. ಮೂಗಿನ ಹತ್ತಿರ ಹಿಡಿದರು. ಆಮೇಲೆ ನನ್ನ ಮೂಗಿನ ಹತ್ತಿರ ಹಿಡಿದರು.

ಎಳ್ಳೆಣ್ಣೆ. ನನ್ನ ದೇವರ ದೀಪದ ಎಣ್ಣೆ.

"ಇದು ಬಿದ್ರೆ ಒಳಗಿನ ರಬ್ಬರ್ ಊದ್ಕೊಳ್ಳತ್ತೆ" ಎಂದರು ಮೆಲ್ಲಗೆ. "ಬ್ರೇಕ್ ಹಿಡ್ಕೊಳ್ಳತ್ತೆ, ಕಾಯತ್ತೆ, ಆಮೇಲೆ ಪೆಡಲ್ ಸತ್ತುಹೋಗತ್ತೆ. ಇದು ಇದ್ರೊಳಗೆ ಹೇಗೆ ಬಂತು?"

ಬಾಟಲಿ, ಚೀಟಿ, ತೆರೆದ ಜಿಪ್ಪು, ಕಡಿಮೆಯಾದ ಎಣ್ಣೆ ಎಲ್ಲ ಒಟ್ಟಿಗೆ ನನ್ನ ತಲೆಗೆ ಹೊಡೆಯಿತು. ನನ್ನ ತಪ್ಪು ಮೊದಲು ಕಂಡಿತು, ಸುಳ್ಳು ಹೇಳುವುದಿಲ್ಲ. ಸುಮ್ಮನಿದ್ದುಬಿಡಬಹುದು ಎಂದೂ ಅರ್ಧ ಕ್ಷಣ ಅನ್ನಿಸಿತು. ಆಗ ಇವರ ಕೈ ಕಂಡಿತು.

"ನಾಗೇಶ, ಬಾ ಇಲ್ಲಿ. ನಿನ್ನೆ ಬಂಕಿನಲ್ಲಿ ನನ್ನ ಚೀಲ ಮುಟ್ಟಿದ್ಯಾ?"

"ಅತ್ತಿಗೆ, ಈಗ ಬೇಡ. ಎಲ್ಲರೂ ನೋಡ್ತಿದಾರೆ."

"ನೋಡ್ಲಿ. ಮುಟ್ಟಿದ್ಯೋ ಇಲ್ವೋ?"

"ಪೆಡಲ್ ಸ್ವಲ್ಪ ಸಾಫ್ಟ್ ಅನ್ನಿಸ್ತು. ಟಾಪ್ ಅಪ್ ಮಾಡ್ದೆ. ಬ್ರೇಕ್ ಫ್ಲೂಯಿಡ್ ಅಂತಲೇ ಬರ್ದಿತ್ತಲ್ಲ!"

"ಅದು ನನ್ನ ದೀಪದ ಎಣ್ಣೆ ಕಣೋ. ಆ ಬಾಟ್ಲಿಗೆ ಹಾಕಿದ್ದು ನಂದೇ ತಪ್ಪು. ಆದ್ರೆ ಅಣ್ಣ ಇಪ್ಪತ್ತು ಹೆಜ್ಜೆ ದೂರದಲ್ಲಿದ್ರು. ಯಾಕೆ ಕೇಳ್ಲಿಲ್ಲ?"

"ಟೈಮ್ ಇರ್ಲಿಲ್ಲ ಅತ್ತಿಗೆ."

"ಈಗ ಟೈಮ್ ಇದೆಯಲ್ಲ. ಈಗ್ಯಾಕೆ ಬಾಯಿ ಬಿಡ್ಲಿಲ್ಲ?"

ಅವನು ನೆಲ ನೋಡಿದ. ಸುರಿದದ್ದು ಎಣ್ಣೆ ಎಂದು ಅವನಿಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಸುರಿದದ್ದಂತೂ ಗೊತ್ತಿತ್ತು. ಅಣ್ಣ ತನ್ನ ಕೈಯನ್ನೇ ಶಪಿಸಿಕೊಳ್ಳುವಾಗ ಇವನು ನಿಂತು ನೋಡುತ್ತಿದ್ದ.

ನಾನು ಕೇಕಿನ ತಟ್ಟೆ ಹಿಡಿದುಕೊಂಡೇ ಬಿಳಿ ಮೀಸೆಯವರ ಮುಂದೆ ಹೋಗಿ ನಿಂತೆ. "ಮೈ ಲ್ಯಾಂಪ್ ಆಯಿಲ್. ಮೈ ಮಿಸ್ಟೇಕ್. ಹಿಸ್ ಮಿಸ್ಟೇಕ್. ನಾಟ್ ಮೈ ಹಸ್ಬೆಂಡ್ ಮಿಸ್ಟೇಕ್" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ವ್ಯಾನಿನಿಂದ ಇಳಿದು ಬಂದಿದ್ದ ಅದಿತಿ, "ದೊಡ್ಡಮ್ಮ, ನೀವು ಕನ್ನಡದಲ್ಲಿ ಹೇಳಿ. ಐ ವಿಲ್ ಸೇ ಇಟ್" ಎಂದಳು. ನಾನು ಹೇಳಿದೆ, ಅವಳು ಹೇಳಿದಳು. ನಿಲ್ಲಿಸು ಎಂದರೂ ಅಪ್ಪ ನಿಲ್ಲಿಸಲಿಲ್ಲ ಎಂಬುದನ್ನೂ, ಇವರು ಮೆಕ್ಯಾನಿಕ್ ಅಲ್ಲ, ಅಪ್ಪನ ಸ್ವಂತ ಅಣ್ಣ ಎಂಬುದನ್ನೂ ಒಂದನ್ನೂ ಬಿಡಲಿಲ್ಲ. ಸುಮಾ "ಅದಿತಿ, ಸಾಕು" ಎಂದಳು. ಅವಳು ನಿಲ್ಲಿಸಲಿಲ್ಲ. ಈ ಮನೆಯಲ್ಲಿ ಒಬ್ಬಳಿಗಾದರೂ ಬಾಯಿದೆ.

ಬಿಳಿ ಮೀಸೆಯವರು ತಾವೇ ಬೆರಳು ಅದ್ದಿ ಮೂಸಿ ನೋಡಿದರು. ರಟ್ಟಿನ ಮೇಲೆ ಬರೆದದ್ದನ್ನು ಹೊಡೆದುಹಾಕಿ ಬೇರೆ ಬರೆದರು. ನಾಗೇಶನ ಕಾರಿನ ಬಾಗಿಲ ಮೇಲಿನ ನಂಬರ್ ಕಾಗದವನ್ನು ಕಿತ್ತರು. ಆಮೇಲೆ ಬಂದು ಇವರ ಕರಿ ಮೆತ್ತಿದ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಆ ಹನ್ನೊಂದು ಮಕ್ಕಳ ಕಡೆ ತಲೆಯಾಡಿಸಿದರು. ಇವರು ಅಳುತ್ತಿದ್ದರು. ನನಗೆ ಅಳು ಬರಲಿಲ್ಲ, ಅಷ್ಟು ಸಿಟ್ಟು ಬಂದಿತ್ತು.

ಅಟ್ಲಾಂಟಾ

ಕಾರು ಲಾರಿಯ ಮೇಲೆ, ನಾವು ವ್ಯಾನಿನಲ್ಲಿ. ದಾರಿಯಲ್ಲಿ ಇವರು, "ಆದ್ರೂ ಆ ಬಾಟ್ಲಿ ಚೀಟಿ ಕಿತ್ತು ಹಾಕಬಾರದಿತ್ತೇನೆ?" ಎಂದರು. "ಹೂಂ, ಕೀಳಬೇಕಿತ್ತು" ಎಂದೆ. ಅಷ್ಟಕ್ಕೇ ಮುಗಿಸಿದರು. ಇನ್ನೊಬ್ಬ ಗಂಡಸಾಗಿದ್ದರೆ ಮೈಸೂರು ಮುಟ್ಟುವ ತನಕ ಹಾಡುತ್ತಿದ್ದ.

ದೇವಸ್ಥಾನ ದೊಡ್ಡದೇ, ನೆಲ ಕನ್ನಡಿಯ ಹಾಗಿತ್ತು. ದೇವರ ಮುಂದೆ ನಿಂತು ನನ್ನ ಪಾಲಿನ ತಪ್ಪು ಒಪ್ಪಿಸಿದೆ, ಆ ಮಕ್ಕಳ ಹೆಸರು ಗೊತ್ತಿಲ್ಲದೆ ಹನ್ನೊಂದು ಸಲ ಕೈಮುಗಿದೆ. ನಾಗೇಶನಿಗೆ ಏನೂ ಬೇಡಲಿಲ್ಲ. ಹೊರಗೆ ಚಪ್ಪಲಿಯ ಹತ್ತಿರ ಅವನು ಬಂದು "ಸಾರಿ ಅತ್ತಿಗೆ" ಎಂದ.

"ನನಗ್ಯಾಕೆ ಹೇಳ್ತೀಯ?"

ಅವನು ಅಲ್ಲೇ ನಿಂತ. ಇವರು ಇಪ್ಪತ್ತು ಹೆಜ್ಜೆ ದೂರದಲ್ಲಿ ಪ್ರಸಾದದ ಸಾಲಿನಲ್ಲಿದ್ದರು. ಅವತ್ತೂ ಅಷ್ಟು ದೂರ ನಡೆಯಲು ಅವನಿಂದ ಆಗಲಿಲ್ಲ.

ಮತ್ತೆ ಗೈದರ್ಸ್‌ಬರ್ಗ್

ನಾವು ಊರಿಗೆ ಹೊರಡಲು ಎರಡು ವಾರ ಉಳಿದಿತ್ತು. ಕಾರು ಗ್ಯಾರೇಜಿಗೆ ಬಂತು. ಇವರು ಒಂದು ದಿನವೂ ಅತ್ತ ಹೋಗಲಿಲ್ಲ. ಸೋಫಾದ ಮೇಲೆ ಕೂತು ಕೈ ನೋಡಿಕೊಳ್ಳುವುದು, ಟಿವಿ ನೋಡುವುದು. ಬಿಳಿ ಮೀಸೆಯವರು ಕಾಗದದಲ್ಲಿ ತಪ್ಪು ತಿದ್ದಿದ್ದರು, ಇವರ ಕೈಗೆ ಬಂದ ಹೆದರಿಕೆ ಹೋಗಿರಲಿಲ್ಲ.

ಶನಿವಾರ ಬೆಳಗ್ಗೆ ನಾಗೇಶ ಬಂದು ಇವರ ಮುಂದೆ ನಿಂತ.

"ಅಣ್ಣ, ಬ್ರೇಕ್ ಪೂರ್ತಿ ಬಿಚ್ಚಬೇಕಲ್ಲ. ರಬ್ಬರ್ ಎಲ್ಲ ಹೊಸದು ತರಿಸಿದೀನಿ. ಮಾಡ್ಕೊಡ್ತೀಯಾ?"

ಬೇಡ ಎನ್ನಿ ಎಂದು ಅಡುಗೆಮನೆಯಿಂದಲೇ ಕಣ್ಣು ಬಿಟ್ಟೆ. ಇವರು ನನ್ನ ಕಡೆ ನೋಡಲಿಲ್ಲ. ಎದ್ದರು. ಮಡಿಸುವ ಕುರ್ಚಿ ಎತ್ತಿಕೊಂಡರು.

"ಮಾಡಲ್ಲ. ಮಾಡಿಸ್ತೀನಿ. ನಡಿ, ಕೆಳಗೆ ಮಲಗು."

"ನಾನಾ?"

"ಕಾರು ಯಾರದ್ದು?"

ಅಡುಗೆಮನೆಯ ಕಿಟಕಿ ತೆರೆದು ನೋಡಿದೆ. ರಟ್ಟಿನ ಮೇಲೆ ನಾಗೇಶನ ಎರಡು ಕಾಲು ಮಾತ್ರ ಹೊರಗಿತ್ತು, ಬಿಳಿ ಸಾಕ್ಸು. ಇವರು ಕುರ್ಚಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು.

"ಅದಲ್ಲ, ಅದರ ಪಕ್ಕದ್ದು. ಬಲವಂತ ಮಾಡಬೇಡ. ಹಾಂ, ಈಗ ಒರೆಸು. ಇನ್ನೊಂದ್ಸಲ ಒರೆಸು."

"ಅಣ್ಣ, ಸೊಂಟ ಹಿಡ್ಕೊಳ್ತಾ ಇದೆ."

"ಹಿಡ್ಕೊಳ್ಳತ್ತೆ. ಆರು ವಾರದ ಮೇಲೆ ಅಭ್ಯಾಸ ಆಗತ್ತೆ."

ಸ್ವಲ್ಪ ಹೊತ್ತಾದ ಮೇಲೆ ಕಾರಿನ ಅಡಿಯಿಂದ ಸಣ್ಣ ದನಿ ಬಂತು. ಇಂಜಿನ್ನಿಗೆ ಹೇಳಿದನೋ ಅಣ್ಣನಿಗೋ ಎನ್ನುವ ಹಾಗೆ: "ಅವತ್ತು ಕೇಳಬೇಕಿತ್ತು ಅಣ್ಣ ನಿನ್ನ."

ಇವರು ಕುರ್ಚಿಯಿಂದ ಬಗ್ಗಿ ಕೆಳಕ್ಕೆ ಕೈ ಚಾಚಿದರು. "ಎಲ್ಲಿ, ಆ ರಬ್ಬರ್ ಕಪ್ ಕೊಡು ಇಲ್ಲಿ. ತಲೆಕೆಳಗಾಗಿ ಕೂರಿಸ್ತಾ ಇದೀಯ" ಎಂದು ಅದನ್ನು ಇಸಿದುಕೊಂಡು, ಬೆರಳಿನಿಂದ ಅಂಚು ಸವರಿ, ಬೆಳಕಿಗೆ ಹಿಡಿದು ನೋಡಿದರು.

ನನ್ನ ಕೋಪ ಹೋಯಿತೆಂದು ಯಾರೂ ತಿಳಿಯಬೇಡಿ. ಇನ್ನೂ ಇದೆ, ವಿಮಾನದಲ್ಲಿ ಜೊತೆಗೇ ತಂದಿದ್ದೇನೆ. ಅಂದು ಮಾತ್ರ ಕಿಟಕಿ ಹಾಗೇ ತೆರೆದಿಟ್ಟು, ಮರುದಿನದ ಇಡ್ಲಿಗೆ ಉದ್ದಿನಬೇಳೆ ಅಳೆದು ನೆನೆಹಾಕಿದೆ.